ಮೋಟಾರು ಗಾಡಿಯ ನೀರಿನ ಲೆಕ್ಕ

ಹಿಂದೆ ಎರಡು ಜೋಡಿ ಎತ್ತುಗಳೂ ಒಂದು ಸವಾರಿ ಬಂಡಿಯೂ ಇದ್ದ ಮನೆಗಳ ಮುಂದೆ ಈಗ ಒಂದು ಕಾರು, ಒಂದು ಟ್ರಾಕ್ಟರು, ಕೆಲವೆಡೆಗಳಲ್ಲಿ ಮಾಲು ಸಾಗಿಸುವ ಚಿಕ್ಕ ಲಾರಿಯೂ ನಿಂತಿರುವುದು ಕಾಣಬರುತ್ತದೆ. ಎತ್ತು ಮೇವು ಬಿಟ್ಟರೆ, ಮೂಗು ಒಣಗಿದರೆ, ಮೆಲುಕು ಹಾಕದೆ ನಿಂತರೆ, ಅದಕ್ಕೇನೋ ವ್ಯಾಧಿ ತಗಲಿದೆಯೆಂದು ಮನೆಯ ಯಜಮಾನನು ಯಾರನ್ನೂ ಕೇಳದೆಯೇ ಅರಿತುಕೊಳ್ಳುವನು. ತಲೆತಲಾಂತರದಿಂದ ಬಂದ ಪರಿಚಯವದು. ಎಂಜಿನ್ನಿನ ವಿಷಯದಲ್ಲಾದರೋ ಅಂತಹ ಪರಿಚಯವು ನಮ್ಮಲ್ಲಿ ಇನ್ನೂ ಸಾಕಷ್ಟು ಬೆಳೆದಿಲ್ಲ. ಗಾಡಿಯು ದಾರಿಯಲ್ಲಿ ಹೊಗೆಯಾಡಿ ನಿಂತ ಮೇಲೆ ಮಿಸ್ತ್ರಿಯನ್ನು ಕರೆಯಿಸುವುದೇ ರೂಢಿಯಾಗಿದೆ. ಅಷ್ಟುಹೊತ್ತಿಗೆ ಕೆಲಸವು ಕೆಟ್ಟಿರುತ್ತದೆ.

ಇದು ಕೇವಲ ಹಣದ ಪ್ರಶ್ನೆಯೂ ಅಲ್ಲ. ಅನೇಕ ಹಳ್ಳಿಗಳಲ್ಲಿ ಮುಖಂಡರ ಮನೆಯ ಕಾರೇ ಊರಿಗೆಲ್ಲ ಆಪತ್ಕಾಲದ ವಾಹನ. ಹೆರಿಗೆಯ ನೋವು ಕಾಣಿಸಿಕೊಂಡ ಹೆಂಗಸನ್ನಾಗಲಿ, ಹಾವು ಕಚ್ಚಿದವನನ್ನಾಗಲಿ ಅರ್ಧರಾತ್ರಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದಾಗ ಆ ಗಾಡಿಯು ನಡುದಾರಿಯಲ್ಲಿ ಕುದಿದು ನಿಂತರೆ ಆಗುವ ಅನಾಹುತವನ್ನು ಹೇಳಬೇಕಾದುದಿಲ್ಲ. ಎಂಜಿನ್ನನ್ನು ಹಠಾತ್ತಾಗಿ ಕೊಲ್ಲುವ ರೋಗಗಳಲ್ಲಿ ಶಾಖದ ರೋಗವು ಮುಖ್ಯವಾದುದು. ಆದರೂ ಅದು ಮುನ್ಸೂಚನೆಯಿಲ್ಲದೆ ಬರುವುದು ಬಹಳ ಅಪೂರ್ವ. ಹಲವು ದಿನಗಳಿಂದ, ಕೆಲವೊಮ್ಮೆ ಹಲವು ತಿಂಗಳುಗಳಿಂದ, ನೀರು ಕಡಿಮೆಯಾಗುತ್ತಲೇ ಬಂದಿರುತ್ತದೆ; ಗಾಡಿ ಹೊಡೆಯುವವನು ಪ್ರತಿದಿನ ಬೆಳಿಗ್ಗೆ ಒಂದು ಚೊಂಬು ನೀರು ಹೊಯ್ದು ಅದನ್ನು ಮುಚ್ಚಿಹಾಕುತ್ತಲೇ ಬಂದಿರುತ್ತಾನೆ. ಕೆಟ್ಟ ಬುದ್ಧಿಯಿಂದ ಅವನು ಹೀಗೆ ಮಾಡುವುದಿಲ್ಲ. ಗಾಡಿಗೆ ನೀರು ಹಾಕುವುದು ಎತ್ತಿಗೆ ನೀರು ಕುಡಿಸಿದಂತೆ ನಿತ್ಯದ ಉಪಚಾರವೆಂದೇ ಅವನ ಭಾವನೆ.

ಈ ಭಾವನೆಯು ತಪ್ಪು. ಡೀಸೆಲ್ಲೂ ಪೆಟ್ರೋಲೂ ಉರಿದು ಹೋಗತಕ್ಕ ಪದಾರ್ಥಗಳು. ನೀರು ಖರ್ಚಾಗತಕ್ಕ ಪದಾರ್ಥವಲ್ಲ. ಇಂದಿನ ಕಾರಿನ ನೀರು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವಂಥದು. ಚಿಕ್ಕ ಕಾರಿನಲ್ಲಿ ಅದು ಸುಮಾರು ೪ ರಿಂದ ೭ ಲೀಟರುಗಳಷ್ಟಿರುವುದು. ಅದು ಕಡಿಮೆಯಾಯಿತೆಂದರೆ ಎಲ್ಲಿಗೋ ಹೋಯಿತೆಂದೇ ಅರ್ಥ. ಉಗ್ರಾಣದಲ್ಲಿ ರಾಗಿಯ ಮೂಟೆ ಕಡಿಮೆಯಾದರೆ ಮತ್ತೊಂದು ಮೂಟೆಯನ್ನು ತಂದಿಟ್ಟು ಸುಮ್ಮನಾಗುವ ಯಜಮಾನನಿಲ್ಲ. ಎಲ್ಲಿಗೆ ಹೋಯಿತೆಂದು ವಿಚಾರಿಸುವನು. ನೀರಿನ ವಿಷಯದಲ್ಲಿಯೂ ಇದೇ ವಿಚಾರಣೆ ನಡೆಯಬೇಕು.

ಹಳೆಯ ರೂಢಿಯು ಹೇಗೆ ಹುಟ್ಟಿತು

ನೀರು ಹಾಕುವ ಈ ರೂಢಿಗೆ ಒಂದು ಕಾಲದಲ್ಲಿ ಸಕಾರಣವಿತ್ತು. ಜರ್ಮನಿಯ ಕಾರ್ಲ್ ಬೆಂಜ್ ಎಂಬಾತನು ೧೮೮೬ನೆಯ ಇಸವಿಯಲ್ಲಿ ಹಕ್ಕುಪತ್ರ ಪಡೆದ ಮೋಟಾರು ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಂಪಾಗುತ್ತಿತ್ತು. ೧೮೮೮ನೆಯ ಇಸವಿಯ ಆಗಸ್ಟಿನಲ್ಲಿ ಆತನ ಪತ್ನಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ, ಸುಮಾರು ೧೦೦ ಕಿಲೋಮೀಟರುಗಳ ದೂರ, ಆ ಗಾಡಿಯನ್ನು ನಡೆಸಿಕೊಂಡು ಹೋದಾಗ ದಾರಿಯುದ್ದಕ್ಕೂ ನೀರನ್ನು ಮತ್ತೆ ಮತ್ತೆ ತುಂಬಬೇಕಾಯಿತು. ಮುಂದೆ ೧೯೦೧ನೆಯ ಇಸವಿಯ ಮರ್ಸಿಡಿಸ್ ಗಾಡಿಗೆ ವಿಲ್‌ಹೆಲ್ಮ್ ಮೇಬಾಕ್ ಎಂಬ ಶಿಲ್ಪಿಯು ಜೇನುಗೂಡಿನ ಆಕಾರದ ರೇಡಿಯೇಟರನ್ನು ರಚಿಸಿದನು. ಅದೇ ನೀರು ಮತ್ತೆ ಮತ್ತೆ ತಣ್ಣಗಾಗಿ ಸುತ್ತುವುದು ಇದರಿಂದ ಸಾಧ್ಯವಾಯಿತು. ೧೯೦೮ ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಗಾಡಿಗಳಲ್ಲಿ, ಮೊದಮೊದಲ ಕೆಲವನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಮೇಲಕ್ಕೂ ತಣ್ಣೀರು ಕೆಳಕ್ಕೂ ಸರಿಯುವಂತೆ ಅಲ್ಲಿಯೂ ನೀರು ತಾನಾಗಿಯೇ ಸುತ್ತುತ್ತಿತ್ತು. ಅಂತಹ ಗಾಡಿಗಳ ಮುಚ್ಚಳದಿಂದ ಆವಿ ಹೊರಡುವುದು ಸಾಮಾನ್ಯವಾಗಿತ್ತು. ಹಳೆಯ ಬಸ್ಸುಗಳೂ ಲಾರಿಗಳೂ ಘಟ್ಟದ ತಲೆಯಲ್ಲಿ ನಿಂತು ನೀರು ಕುಡಿಯುತ್ತಿದ್ದುದನ್ನು ಹಿರಿಯರು ಬಲ್ಲರು. ಒತ್ತಡದ ಮುಚ್ಚಳವೂ ಉಳಿಕೆಯ ತೊಟ್ಟಿಯೂ ಬಂದ ಮೇಲೆ ಆ ಕಾಲವು ಮುಗಿಯಿತು. ಗಾಡಿ ಬದಲಾಯಿತು, ಚೊಂಬು ಮಾತ್ರ ಉಳಿಯಿತು.

ಶಾಖವು ಎಂಜಿನ್ನಿನಲ್ಲಿ ಎಷ್ಟರಮಟ್ಟಿಗೆ ಹುಟ್ಟುವುದೆಂಬುದನ್ನು ತಿಳಿದರೆ ನೀರಿನ ಮಹತ್ತ್ವವು ಸ್ಪಷ್ಟವಾಗುವುದು. ಸಿಲಿಂಡರಿನೊಳಗೆ ಇಂಧನವು ಉರಿಯುವಾಗ ಅಲ್ಲಿಯ ಅನಿಲದ ಉಷ್ಣವು ಕ್ಷಣಮಾತ್ರ ೨೦೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು. ಪಿಸ್ಟನ್ನಿನ ಲೋಹವಾದ ಅಲ್ಯೂಮಿನಿಯಮ್ಮು ೬೬೦ ಡಿಗ್ರಿಗೇ ಕರಗುವಂಥದು. ಅದು ಕರಗದೆ ಉಳಿದಿರುವುದು ಸುತ್ತಲಿನ ನೀರೂ ಎಣ್ಣೆಯೂ ಶಾಖವನ್ನು ಬಿಡುವಿಲ್ಲದೆ ಹೊತ್ತೊಯ್ಯುತ್ತಿರುವುದರಿಂದಲೇ. ಸ್ಥೂಲವಾಗಿ ಹೇಳುವುದಾದರೆ, ಸುಟ್ಟ ಇಂಧನದ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಚಕ್ರವನ್ನು ತಿರುಗಿಸಲು ಒದಗುವುದು, ಮತ್ತೊಂದು ಪಾಲು ಹೊಗೆಯೊಡನೆ ಹೊರಕ್ಕೆ ಹೋಗುವುದು, ಉಳಿದ ಪಾಲಿನ ಬಹುಭಾಗವನ್ನು ನೀರು ಹೊರಬೇಕು. ಈ ಹೊರುವಿಕೆಯು ಕೆಲವು ನಿಮಿಷ ನಿಂತರೂ ಸಿಲಿಂಡರಿನ ಮೇಲ್ಭಾಗದ ಹೆಡ್ಡು ಸೊಟ್ಟಗಾಗುವುದು. ಸೊಟ್ಟವು ಕಣ್ಣಿಗೆ ಕಾಣುವಷ್ಟಿರಬೇಕಾಗಿಲ್ಲ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಾದರೂ ಹೆಡ್ಡಿಗೂ ಸಿಲಿಂಡರಿಗೂ ನಡುವಣ ಗ್ಯಾಸ್ಕೆಟ್ಟು ಬಿಗಿಯನ್ನು ಕಳೆದುಕೊಳ್ಳಬಹುದು.

ಮುಚ್ಚಳವು ಸಾಮಾನ್ಯ ವಸ್ತುವಲ್ಲ

ಸಮುದ್ರ ಮಟ್ಟದಲ್ಲಿ ನೀರು ೧೦೦ ಡಿಗ್ರಿಗೆ ಕುದಿಯುವುದು. ಎತ್ತರಕ್ಕೆ ಹೋದಷ್ಟೂ ಬೇಗ ಕುದಿಯುವುದು; ಸುಮಾರು ೯೦೦ ಮೀಟರುಗಳ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ೯೭ ಡಿಗ್ರಿಯೇ ಸಾಕು. ಎಂಜಿನ್ನಾದರೋ ೯೦ ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡತಕ್ಕದ್ದು. ನಡುವೆ ಇರುವ ಅಂತರವು ಬಹಳ ಕಿರಿದು. ಆದುದರಿಂದ ನೀರನ್ನು ಒತ್ತಡದಲ್ಲಿ ಇಡುವ ಮುಚ್ಚಳವನ್ನು ಮಾಡಿದ್ದಾರೆ. ಅಡಿಗೆಮನೆಯ ಕುಕ್ಕರಿನ ತತ್ತ್ವವೇ ಇದು. ಮುಚ್ಚಳದೊಳಗಿನ ಸ್ಪ್ರಿಂಗು ವಾತಾವರಣದ ಒತ್ತಡಕ್ಕಿಂತ ಸುಮಾರು ಅಷ್ಟೇ ಹೆಚ್ಚಿನ ಒತ್ತಡವನ್ನು ತಡೆದು ಹಿಡಿದರೆ ನೀರು ಸುಮಾರು ೧೨೦ ಡಿಗ್ರಿಯವರೆಗೂ ಕುದಿಯುವುದಿಲ್ಲ. ಸ್ಪ್ರಿಂಗು ಸಡಿಲವಾದರೆ, ಅಥವಾ ಅದರ ರಬ್ಬರಿನ ಬಿಲ್ಲೆಯು ಹರಿದರೆ, ಉಳಿದೆಲ್ಲವೂ ಸರಿಯಾಗಿದ್ದರೂ ಗಾಡಿಯು ಕುದಿಯುವುದು. ಅಲ್ಪ ಬೆಲೆಯ ಈ ಮುಚ್ಚಳಕ್ಕೆ ಬದಲಾಗಿ ರೇಡಿಯೇಟರನ್ನೇ ಬದಲಾಯಿಸಿ ಕೊಂಡವರುಂಟು. ಸಂದೇಹ ಬಂದಾಗ ಮೊದಲು ಮುಚ್ಚಳವನ್ನೇ, ಅದರ ಮೇಲೆ ಕೊರೆದಿರುವ ಒತ್ತಡದ ಅಂಕಿಯನ್ನು ನೋಡಿ ಅಷ್ಟೇ ಅಂಕಿಯುಳ್ಳದ್ದರಿಂದ, ಬದಲಾಯಿಸಿ ನೋಡುವುದು ಒಳ್ಳೆಯದು. ಎಂಜಿನ್ನು ತಣ್ಣಗಾದ ಮೇಲೆ ಮೇಲಿನ ರಬ್ಬರು ಕೊಳವೆಯು ಚಪ್ಪಟೆಯಾಗಿ ಒಳಸೇರಿದ್ದರೆ, ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವ ಮುಚ್ಚಳದ ಚಿಕ್ಕ ಕವಾಟವು ಅಂಟಿಕೊಂಡಿದೆಯೆಂದು ತಿಳಿಯತಕ್ಕದ್ದು.

ಬಿಸಿಯಾಗಿರುವ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆಗೆಯಕೂಡದು. ಒತ್ತಡವು ತಪ್ಪಿದ ಕೂಡಲೇ ಒಳಗಿರುವ ನೀರಿನಲ್ಲಿ ಒಂದು ಭಾಗವು ಆವಿಯಾಗಿ ಚಿಮ್ಮುವುದು. ಮುಖವೂ ಕಣ್ಣೂ ಸುಟ್ಟುಹೋದ ಪ್ರಸಂಗಗಳು ಹಲವಿವೆ. ಮನೆಯ ಹುಡುಗರಿಗೂ ಗಾಡಿ ಹೊಡೆಯುವವನಿಗೂ ಇದನ್ನು ಕಟ್ಟುನಿಟ್ಟಾಗಿ ಹೇಳಿಡಬೇಕು.

ಲೆಕ್ಕವನ್ನು ಇಡುವ ಕ್ರಮ

ಕ್ರಮವು ಅತಿ ಸುಲಭ. ರೇಡಿಯೇಟರಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ಕಿನ ತೊಟ್ಟಿಯ ಮೇಲೆ ಎರಡು ಗೆರೆಗಳಿರುವುವು: ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯಲ್ಲಿ, ಸಮನೆಲದ ಮೇಲೆ, ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡುವುದಕ್ಕೆ ಮೊದಲು ನೀರು ಯಾವ ಗೆರೆಯಲ್ಲಿದೆಯೆಂದು ವಾರಕ್ಕೊಮ್ಮೆಯಾದರೂ ನೋಡಬೇಕು. ಬಿಸಿಯಲ್ಲಿ ನೀರು ಉಬ್ಬುವುದರಿಂದ ಸಂಜೆ ನೋಡಿದ ಮಟ್ಟವು ಪ್ರಯೋಜನಕ್ಕೆ ಬಾರದು. ನೀರು ಹಾಕಿದರೆ ಯಾವ ದಿನ, ಎಷ್ಟು, ಗಾಡಿ ಎಷ್ಟು ಕಿಲೋಮೀಟರು ಓಡಿತ್ತು ಎಂಬ ಮೂರು ಸಂಗತಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಗಾಡಿಯಲ್ಲಿಯೇ ಇಡತಕ್ಕದ್ದು. ಆರು ತಿಂಗಳಿಗೊಮ್ಮೆ ಬೆರಳೆರಡರಷ್ಟು ಇಳಿದರೆ ಚಿಂತೆಯಿಲ್ಲ. ವಾರಕ್ಕೆ ಅರ್ಧ ಲೀಟರು ಹೋಗುತ್ತಿದ್ದರೆ ಮಿಸ್ತ್ರಿಯ ಬಳಿಗೆ ಹೋಗುವ ದಿವಸ ಬಂದಿದೆ. ಗಾಡಿ ಹೊಡೆಯುವವನ ಮೇಲೆ ಸಿಟ್ಟು ಮಾಡಿದರೆ ಅವನು ಮತ್ತೆ ಮುಚ್ಚಿಡುವನು. ಹೇಳಿದವನಿಗೆ ಶಹಭಾಸು ಹೇಳುವುದೇ ಯಜಮಾನನಿಗೆ ಲಾಭಕರ.

ಹೋದ ನೀರು ಹೊರಗಡೆ ಹೋಗಿದ್ದರೆ ಅದರ ಗುರುತು ಉಳಿದಿರುವುದು. ಗಾಡಿಯ ಕೆಳಗೆ ರಾತ್ರಿ ಒಂದು ಹಳೆಯ ರಟ್ಟನ್ನು ಹಾಸಿಟ್ಟರೆ ಬೆಳಿಗ್ಗೆ ತೊಟ್ಟಿಕ್ಕಿದ ಸ್ಥಳವು ಕಾಣುವುದು. ರಬ್ಬರು ಕೊಳವೆಗಳು ಪಟ್ಟಿಯಿಂದ ಬಿಗಿದಿರುವ ತುದಿಗಳಲ್ಲಿ ಬಿಳಿಯ ಅಥವಾ ಬಣ್ಣದ ಉಪ್ಪು ಕಟ್ಟಿದ್ದರೆ ಅಲ್ಲಿಂದ ಒಸರುತ್ತಿದೆಯೆಂದೇ ತಿಳಿಯಬೇಕು. ಕೊಳವೆಯನ್ನು ಹಿಸುಕಿದಾಗ ಗಟ್ಟಿಯಾಗಿ ಚಟಪಟ ಎನ್ನುವುದೂ, ಅತಿ ಮೆತ್ತಗಾಗಿ ಉಬ್ಬಿರುವುದೂ, ಎರಡೂ ಮುಪ್ಪಿನ ಚಿಹ್ನೆಗಳೇ. ನೀರಿನ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ರಂಧ್ರವಿರುವುದು. ಅದನ್ನು ದೋಷವೆಂದು ಭಾವಿಸಿ ಮೇಣದಿಂದ ಮುಚ್ಚುವವರಿದ್ದಾರೆ, ಹಾಗೆ ಮಾಡಕೂಡದು. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಕ್ಕೆ ಬಂದು ನಮಗೆ ತಿಳಿಯಲೆಂದೇ ಆ ರಂಧ್ರವನ್ನು ಇಟ್ಟಿರುವುದು. ಗಾಡಿಯೊಳಗೆ ಕಾಲಿಡುವ ಜಾಗದ ಜಮಖಾನೆ ತೇವವಾಗಿ, ಸಿಹಿಯಾದ ವಾಸನೆ ಬಂದು, ಮುಂದಿನ ಗಾಜಿನ ಮೇಲೆ ಎಣ್ಣೆಯಂತಹ ಮಂಜು ಕೂಡುತ್ತಿದ್ದರೆ, ಒಳಗಿನ ಹೀಟರಿನ ಚಿಕ್ಕ ರೇಡಿಯೇಟರು ಸೋರುತ್ತಿದೆಯೆಂದರ್ಥ.

ಹೊರಗೆಲ್ಲೂ ಗುರುತಿಲ್ಲದೆ ನೀರು ಮಾಯವಾಗುತ್ತಿದ್ದರೆ ಸಂಗತಿಯು ಗಂಭೀರ. ಆಗ ನೀರು ಗ್ಯಾಸ್ಕೆಟ್ಟಿನ ಬಿರುಕಿನಿಂದ ಸಿಲಿಂಡರಿಗೋ ಎಣ್ಣೆಗೋ ಹೋಗುತ್ತಿರಬಹುದು. ಇದಕ್ಕೆ ಲಕ್ಷಣಗಳಿವೆ. ಎಂಜಿನ್ನು ಪೂರ್ಣ ಬಿಸಿಯಾದ ಮೇಲೂ ಹಿಂದಿನ ಕೊಳವೆಯಿಂದ ದಟ್ಟವಾದ ಬಿಳಿಯ ಆವಿ ಬಿಡದೆ ಬರುವುದು; ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಕಾಣುವ ಆವಿಯು ಲೆಕ್ಕಕ್ಕಿಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುವುದು. ತಣ್ಣಗಿರುವ ಎಂಜಿನ್ನನ್ನು ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಬಿಡದೆ ಏಳುವುವು. ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿಯೇ, ನೀರು ಬಿಸಿಯಾಗುವುದಕ್ಕೆ ಮುಂಚೆಯೇ, ಮೇಲಿನ ಕೊಳವೆಯು ಕಲ್ಲಿನಂತೆ ಬಿಗಿದುಕೊಳ್ಳುವುದು. ಇವುಗಳಲ್ಲಿ ಯಾವುದಾದರೊಂದು ಕಂಡರೂ ಗಾಡಿಯನ್ನು ಓಡಿಸದೆ ಕಾರ್ಖಾನೆಗೆ ಎಳೆಸಿಕೊಂಡು ಹೋಗುವುದು ಮೇಲು. ನೀರು ಬೆರೆತ ಎಣ್ಣೆಯಲ್ಲಿ ಓಡಿದ ಎಂಜಿನ್ನಿನ ಬೇರಿಂಗುಗಳು ಬೇಗನೆ ಹಾಳಾಗುವುವು. ಸೋರಿಕೆಯನ್ನು ಮುಚ್ಚುವುದೆಂದು ಡಬ್ಬಿಯಲ್ಲಿ ಮಾರುವ ಪುಡಿಗಳನ್ನೂ ದ್ರವಗಳನ್ನೂ ನಾವು ಶಿಫಾರಸು ಮಾಡಲಾರೆವು. ಅವು ಬಿರುಕನ್ನು ಮುಚ್ಚುವುದರ ಜೊತೆಗೆ ರೇಡಿಯೇಟರಿನ ಸೂಕ್ಷ್ಮ ಕೊಳವೆಗಳನ್ನೂ ಮುಚ್ಚಬಹುದು.

ನೀರು ಸರಿಯಾಗಿದ್ದೂ ಶಾಖವು ಏರುತ್ತಿದ್ದರೆ, ಅದು ಯಾವಾಗ ಏರುವುದೆಂಬುದನ್ನು ಗಮನಿಸಿದ ಮಾತ್ರಕ್ಕೆ ಅರ್ಧ ನಿದಾನವಾದಂತೆಯೇ. ಜಾತ್ರೆಯ ಜನಸಂದಣಿಯಲ್ಲಿ ನಿಂತಾಗ ಏರಿ, ಬಯಲು ರಸ್ತೆಯಲ್ಲಿ ಓಡಿದಾಗ ಇಳಿಯುವುದಾದರೆ ದೋಷವು ಬೀಸಣಿಗೆಯಲ್ಲಿದೆ. ಓಟದ ಗಾಳಿಯು ಆಗ ಬೀಸಣಿಗೆಯ ಕೆಲಸವನ್ನು ಮಾಡುತ್ತಿರುವುದು. ವಿದ್ಯುತ್ತಿನ ಬೀಸಣಿಗೆಯಾದರೆ ಫ್ಯೂಸು, ರಿಲೇ, ತಂತಿ ಇವುಗಳನ್ನೂ, ಬೆಲ್ಟಿನದಾದರೆ ಬೆಲ್ಟಿನ ಬಿಗಿಯನ್ನೂ ನೋಡಿಸಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು ಒಂದು ಅಥವಾ ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ ತಗ್ಗತಕ್ಕದ್ದು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಾಗಿದ್ದು ಏರುದಾರಿಯಲ್ಲೋ ಭಾರ ಎಳೆಯುವಾಗಲೋ ಏರುವುದಾದರೆ, ರೇಡಿಯೇಟರು ಒಳಗೆ ಸುಣ್ಣದಿಂದಾಗಲಿ ಹೊರಗೆ ಧೂಳಿನಿಂದಾಗಲಿ ಕಟ್ಟಿದೆಯೆಂದು ಊಹಿಸಬೇಕು. ಹೊರಟ ಹತ್ತು ನಿಮಿಷಗಳಲ್ಲಿಯೇ ಏರಿ, ಮೇಲಿನ ಕೊಳವೆ ಸುಡುತ್ತ, ಕೆಳಗಿನ ಕೊಳವೆಯೂ ರೇಡಿಯೇಟರೂ ತಣ್ಣಗೆಯೇ ಇದ್ದರೆ ಥರ್ಮೋಸ್ಟಾಟೆಂಬ ಕವಾಟವು ತೆರೆಯುತ್ತಿಲ್ಲ.

ಶಾಖಮಾಪಕದ ಮುಳ್ಳು ಮೇಲೇರುತ್ತಿದ್ದುದು ಹಠಾತ್ತಾಗಿ ಕೆಳಕ್ಕೆ ಬಿದ್ದರೆ ಸಂತೋಷಪಡಬೇಡಿರಿ. ಮಾಪಕದ ಮೂತಿಯು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುವುದು. ನೀರೇ ಬತ್ತಿಹೋದಾಗ ಅದು ತಂಪೆಂದು ಸುಳ್ಳು ಹೇಳಬಹುದು, ಮತ್ತು ಆ ಸುಳ್ಳನ್ನು ನಂಬಿ ಇನ್ನೊಂದು ಹರದಾರಿ ಓಡಿಸಿದವನು ಹೊಸ ಎಂಜಿನ್ನನ್ನೇ ಕೊಳ್ಳಬೇಕಾದೀತು. ಈಚಿನ ಅನೇಕ ಕಾರುಗಳಲ್ಲಿ ಮುಳ್ಳೇ ಇಲ್ಲ. ನೀಲಿಯ ದೀಪ, ಕೆಂಪಿನ ದೀಪಗಳಷ್ಟೇ. ಕೆಂಪು ಹತ್ತುವಷ್ಟರಲ್ಲಿ ಅವಕಾಶವು ಬಹುತೇಕ ಮುಗಿದಿರುವುದರಿಂದ, ಅಂತಹ ಗಾಡಿಯುಳ್ಳವರಿಗೆ ಬೆಳಗಿನ ತಪಾಸಣೆಯು ಇನ್ನೂ ಹೆಚ್ಚು ಅವಶ್ಯ.

ಥರ್ಮೋಸ್ಟಾಟಿನ ವಿಷಯವಾಗಿ ಸ್ವಲ್ಪ ಖಂಡಿತವಾಗಿಯೇ ಬರೆಯಬೇಕಾಗಿದೆ. ಮೇಣ ತುಂಬಿದ ಚಿಕ್ಕ ಬುರುಡೆಯೊಂದು ಸುಮಾರು ೮೨ ಡಿಗ್ರಿಯಲ್ಲಿ ಉಬ್ಬಲಾರಂಭಿಸಿ ಕವಾಟವನ್ನು ತಳ್ಳುವುದು. ಗಾಡಿಗೆ ಗಾಡಿಗೆ ಈ ಅಂಕಿಯು ಸ್ವಲ್ಪ ಭೇದಿಸುವುದು. ಎಂಜಿನ್ನು ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆದು ಬೇಗ ಬಿಸಿ ಮಾಡುವುದೂ, ಅನಂತರ ಶಾಖವನ್ನು ಒಂದೇ ಮಟ್ಟದಲ್ಲಿ ಇಡುವುದೂ ಇದರ ಕೆಲಸ. ನಮ್ಮ ಸೀಮೆಗಳ ಅನೇಕ ಮಿಸ್ತ್ರಿಗಳು, ಇದು ಚಳಿದೇಶದವರಿಗೆ ಬೇಕಾದ ವಸ್ತು, ನಮಗೆ ಅನಾವಶ್ಯಕ ಎಂದು ಹೇಳಿ ಕಿತ್ತು ಎಸೆಯುವರು. ಗಾಡಿಯ ಶಾಖವು ಆ ದಿನ ಇಳಿಯುವುದೂ ನಿಜ. ಆದುದರಿಂದಲೇ ಈ ಮದ್ದಿಗೆ ಕೀರ್ತಿ ಬಂದಿದೆ. ಆದರೆ ಎಂಜಿನ್ನು ತಕ್ಕ ಶಾಖಕ್ಕೆ ಬಾರದೆ ಓಡಿದರೆ ಉರಿಯದ ಇಂಧನವು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಎಣ್ಣೆಯೊಡನೆ ಸೇರುವುದು, ಉಂಗುರಗಳು ಬೇಗ ಸವೆಯುವುವು, ಇಂಧನವೂ ಹೆಚ್ಚು ಹಿಡಿಯುವುದು. ಬಾವಿಯ ನೀರನ್ನು ನೇರವಾಗಿ ಎಂಜಿನ್ನಿನ ಮೂಲಕ ಹರಿಸಿ ತಂಪು ಮಾಡುವ ಪಂಪುಸೆಟ್ಟಿನ ಎಂಜಿನ್ನುಗಳಲ್ಲಿಯೂ, ನೀರಿನ ನಲ್ಲಿಯನ್ನು ಪೂರ್ತಿ ತೆರೆದಿಟ್ಟರೆ ಇದೇ ಕೇಡು ಸಂಭವಿಸುವುದು. ಥರ್ಮೋಸ್ಟಾಟು ಕೆಟ್ಟಿದ್ದರೆ ಹೊಸದನ್ನು ಹಾಕಿಸಬೇಕು. ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಅದನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿದರೆ ಸಾಕು. ನೀರು ಕುದಿಯತೊಡಗುವಷ್ಟರಲ್ಲಿ ಅದು ಬಾಯ್ದೆರೆದಿರಬೇಕು.

ಎಂತಹ ನೀರು

ಕೋಲಾರ, ಚಿತ್ರದುರ್ಗ, ವಿಜಯಪುರ ಮೊದಲಾದ ಒಣಸೀಮೆಗಳಲ್ಲಿ ಆಳವಾದ ಕೊಳವೆ ಬಾವಿಗಳ ನೀರು ಅನೇಕ ಕಡೆಗಳಲ್ಲಿ ಗಡಸು. ಹಂಡೆಯ ಒಳಮೈಯಲ್ಲಿ ಬಿಳಿಯ ಪದರು ಕಟ್ಟುವುದನ್ನು ಆ ಸೀಮೆಯ ಹೆಂಗಸರೆಲ್ಲರೂ ಬಲ್ಲರು. ಕಲ್ಲಿನಿಂದ ಉಜ್ಜಿದರೂ ಅದು ಬಿಡದು. ನೀರಿನಲ್ಲಿ ಕರಗಿರುವ ಸುಣ್ಣವು ಕಾಯಿಸಿದಾಗ ಗಟ್ಟಿಯಾಗಿ ಕೂಡುವುದೇ ಇದಕ್ಕೆ ಕಾರಣ. ಎಂಜಿನ್ನಿನೊಳಗೂ ಇದೇ ನಡೆಯುವುದು, ಅದೂ ಎಲ್ಲಕ್ಕಿಂತ ಹೆಚ್ಚು ಬಿಸಿಯಾದ ಜಾಗದಲ್ಲಿ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಪದರವು ಶಾಖವನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ ದಾಟಿಸುವುದು. ಒಂದು ಮಿಲಿಮೀಟರು ಸುಣ್ಣವೆಂದರೆ ಎರಡು ಸೆಂಟಿಮೀಟರು ದಪ್ಪದ ಕಬ್ಬಿಣದ ಗೋಡೆಯನ್ನು ನಡುವೆ ಕಟ್ಟಿದಂತಾಯಿತು.

ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಒಂದಾವೃತ್ತಿ ತುಂಬಿದ ನೀರಿನಲ್ಲಿರುವ ಸುಣ್ಣವು ಅಲ್ಪವೇ. ಅದು ಕೂತ ಮೇಲೆ ಮತ್ತೆ ಕೂರಲು ಸುಣ್ಣವಿರುವುದಿಲ್ಲ. ಆದರೆ ಸೋರುವ ಗಾಡಿಗೆ ಪ್ರತಿದಿನ ಹೊಯ್ಯುವ ಪ್ರತಿಯೊಂದು ಚೊಂಬೂ ಹೊಸ ಸುಣ್ಣವನ್ನು ತರುವುದು. ನೀರು ಹೊರಗೆ ಹೋಗುವುದು, ಸುಣ್ಣ ಒಳಗೆ ಉಳಿಯುವುದು. ಮುನ್ನೂರು ದಿನ ಹೀಗಾದರೆ ಸಣ್ಣ ಸೋರಿಕೆಯು ದೊಡ್ಡ ಕಟ್ಟಾಗಿ ಪರಿಣಮಿಸುವುದು. ಒಂದು ರಬ್ಬರು ಕೊಳವೆಯ ಪಟ್ಟಿಯನ್ನು ಬಿಗಿಸದೆ ಬಿಟ್ಟುದರಿಂದ ರೇಡಿಯೇಟರೂ ಹೆಡ್ಡೂ ಹಾಳಾಗುವ ದಾರಿ ಇದು.

ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರು ಶ್ರೇಷ್ಠವಾದುದು. ಅದು ದೊರೆಯದಿದ್ದರೆ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರೂ, ಮಳೆಗಾಲದಲ್ಲಿ ಮೊದಲ ಮಳೆಯನ್ನು ಬಿಟ್ಟು ಶುಭ್ರವಾಗಿ ಹಿಡಿದಿಟ್ಟ ಮಳೆಯ ನೀರೂ ಕೊಳವೆ ಬಾವಿಯ ನೀರಿಗಿಂತ ಎಷ್ಟೋ ಮೇಲು. ಇದರೊಡನೆ ಕೂಲೆಂಟು ಎಂದು ಮಾರುವ ದ್ರವವನ್ನು ತಯಾರಿಸಿದವರು ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಸಮವಾಗಿ, ಬೆರೆಸತಕ್ಕದ್ದು. ಬೆರೆಸಿಯೇ ಮಾರುವ ಬಗೆಯೂ ಉಂಟು. ಅದಕ್ಕೆ ನೀರು ಸೇರಿಸಕೂಡದು. ಹೆಚ್ಚು ಕೂಲೆಂಟು ಹಾಕಿದರೆ ಹೆಚ್ಚು ತಂಪೆಂಬುದು ಭ್ರಾಂತಿ. ಶಾಖವನ್ನು ಹೊರುವ ಶಕ್ತಿ ಶುದ್ಧ ನೀರಿಗೇ ಹೆಚ್ಚು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲವಾದರೂ ಅದರಲ್ಲಿರುವ ತುಕ್ಕು ತಡೆಯುವ ಲವಣಗಳು ನಮಗೆ ಬೇಕು. ಟ್ರಾಕ್ಟರು ಲಾರಿಗಳ ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರಿನ ತೋಳು ನೀರಿಗೆ ತಗಲಿಕೊಂಡೇ ಇದ್ದು ಪ್ರತಿ ಸ್ಫೋಟಕ್ಕೂ ನಡುಗುವುದು. ಆ ನಡುಕದಿಂದ ಹುಟ್ಟಿ ಒಡೆಯುವ ಗುಳ್ಳೆಗಳು ಕಾಲಕ್ರಮದಲ್ಲಿ ಉಕ್ಕನ್ನೇ ಕೊರೆದು ಸೂಜಿಯ ಮೊನೆಯಂತಹ ರಂಧ್ರಗಳನ್ನು ಮಾಡುವುವು. ತಕ್ಕ ಕೂಲೆಂಟು ಇದನ್ನು ತಡೆಯುವುದು. ಹಳೆಯ ಬಗೆಯ ದ್ರವವನ್ನು ಎರಡು ವರ್ಷಗಳಿಗೊಮ್ಮೆ ಬದಲಾಯಿಸಬೇಕು; ಹೊಸ ಬಗೆಗಳಲ್ಲಿ ಐದು ವರ್ಷ ಬಾಳುವಂಥವೂ ಇವೆ. ಬಣ್ಣವನ್ನು ನಂಬಿ ಬೆರೆಸಬಾರದು. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಸರ್ವಸಮ್ಮತವಾದ ನಿಯಮವಿಲ್ಲ. ಗಾಡಿಯ ಕೈಪಿಡಿಯೇ ಪ್ರಮಾಣ.

ಸುಣ್ಣವನ್ನು ಕಳೆಯಲು ಒಗೆಯುವ ಸೋಡವನ್ನು ಕುದಿಸಿ ಹಾಕಬೇಕೆಂದು ಹಿಂದಿನವರು ಹೇಳುತ್ತಿದ್ದರು. ಕಬ್ಬಿಣ ಹಿತ್ತಾಳೆಗಳ ಎಂಜಿನ್ನಿಗೆ ಅದು ಸರಿ. ಅಲ್ಯೂಮಿನಿಯಮ್ಮನ್ನು ಸೋಡವು ತಿನ್ನುವುದರಿಂದ ಇಂದಿನ ಗಾಡಿಗೆ ಅದು ವಿಷ.

ವಿಷವೆಂದಾಗ ಇನ್ನೊಂದು ಮಾತು. ಕೂಲೆಂಟಿನ ಮುಖ್ಯ ದ್ರವ್ಯವಾದ ಎಥಿಲೀನ್ ಗ್ಲೈಕಾಲು ರುಚಿಯಲ್ಲಿ ಸಿಹಿ. ಹೊಟ್ಟೆಗೆ ಹೋದರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲುದು. ನಾಯಿ, ಕರು, ಎಳೆಯ ಮಕ್ಕಳು ಸಿಹಿಗೆ ಆಶಿಸಿ ನೆಕ್ಕುವುದುಂಟು. ಆದುದರಿಂದ ಬಸಿದ ಹಳೆಯ ದ್ರವವನ್ನು ಕೊಟ್ಟಿಗೆಯ ಬಾನಿಯಲ್ಲೋ ಬಾವಿಯ ಸಮೀಪದ ಕಾಲುವೆಯಲ್ಲೋ ಚೆಲ್ಲದೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಕಾರ್ಖಾನೆಯವರಿಗೆ ಒಪ್ಪಿಸಬೇಕು. ಕುಡಿಯುವ ನೀರಿನ ಸೀಸೆಯಲ್ಲಿ ಅದನ್ನು ಇಡಲೇಕೂಡದು. ಯಾರಾದರೂ ಕುಡಿದುದು ತಿಳಿದರೆ, ಲಕ್ಷಣಗಳಿಗೆ ಕಾಯದೆ, ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಣದಲ್ಲಿಯೂ ಘಟ್ಟದಲ್ಲಿಯೂ

ಒಕ್ಕಣೆಯ ಕಾಲದಲ್ಲಿ ಟ್ರಾಕ್ಟರು ಒಂದೇ ಕಡೆ ನಿಂತು ಒಕ್ಕುವ ಯಂತ್ರವನ್ನು ತಿರುಗಿಸುವುದು. ಓಟದ ಗಾಳಿಯಿಲ್ಲ, ಬೀಸಣಿಗೆಯೇ ಗತಿ. ಆ ಬೀಸಣಿಗೆಯು ಹೊಟ್ಟನ್ನೂ ತರಗನ್ನೂ ಎಳೆದು ರೇಡಿಯೇಟರಿನ ರೆಕ್ಕೆಗಳ ನಡುವೆ ತುಂಬುವುದು. ಎಲ್ಲಿಯಾದರೂ ಎಣ್ಣೆ ಒಸರುತ್ತಿದ್ದರೆ ಧೂಳು ಅದರೊಡನೆ ಕಲೆತು ಗಾರೆಯಂತಾಗುವುದು. ರೇಡಿಯೇಟರಿನ ಮುಂದಿನ ಜಾಲರಿಯನ್ನು ದಿನಕ್ಕೆ ಎರಡು ಮೂರು ಸಲ ತೆಗೆದು ಕೊಡಹಬೇಕು. ಸಂಜೆ ತಣ್ಣಗಾದ ಮೇಲೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಅಂದರೆ ಕಸವು ಬಂದ ದಾರಿಗೆ ವಿರುದ್ಧವಾಗಿ, ಮೆಲ್ಲಗೆ ಗಾಳಿಯನ್ನಾಗಲಿ ನೀರನ್ನಾಗಲಿ ಹಾಯಿಸತಕ್ಕದ್ದು. ಜೋರಾದ ನೀರಿನ ಬಾಣವನ್ನು ಬಿಟ್ಟರೆ ಎಳೆಯ ರೆಕ್ಕೆಗಳು ಮಡಿಸಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುವುದು. ಐಷರ್ ಮೊದಲಾದವರು ಮಾಡಿದ, ಗಾಳಿಯಿಂದಲೇ ತಂಪಾಗುವ ಎಂಜಿನ್ನಿನ ಟ್ರಾಕ್ಟರುಗಳಲ್ಲಿ ನೀರಿನ ಕಾಟವಿಲ್ಲ; ಆದರೆ ಸಿಲಿಂಡರಿನ ಸುತ್ತಣ ರೆಕ್ಕೆಗಳ ಹೊಟ್ಟನ್ನು ತೆಗೆಯುವ ಕೆಲಸವು ಅಷ್ಟೇ ಅವಶ್ಯ.

ಶಿರಾಡಿ, ಚಾರ್ಮಾಡಿ, ಆಗುಂಬೆಗಳಂತಹ ಘಟ್ಟಗಳನ್ನು ಏರುವಾಗ ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಮುಕ್ಕರಿಸುತ್ತ ಹೋಗುವುದು ಇಂಧನದ ಉಳಿತಾಯವೆಂದು ಕೆಲವರ ಎಣಿಕೆ. ಹಾಗೆ ಹೋದಾಗ ಶಾಖವು ಹೆಚ್ಚಾಗಿ ಹುಟ್ಟುವುದು, ಪಂಪು ಮಾತ್ರ ನಿಧಾನವಾಗಿ ತಿರುಗುವುದು. ಒಂದು ಗೇರು ಇಳಿಸಿದರೆ ನೀರು ಚುರುಕಾಗಿ ಸುತ್ತುವುದು. ಮುಳ್ಳು ಏರತೊಡಗಿದರೆ ಮೊದಲು ಹವಾನಿಯಂತ್ರಣವನ್ನು ನಿಲ್ಲಿಸಿ, ಕಿಟಕಿಗಳನ್ನು ತೆರೆದು, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಬೇಕು. ಸೆಖೆಯಲ್ಲಿ ಕುಳಿತವರಿಗೆ ಇದು ಶಿಕ್ಷೆಯಂತೆ ತೋರಿದರೂ ಹೀಟರು ಒಂದು ಚಿಕ್ಕ ರೇಡಿಯೇಟರಾದುದರಿಂದ ಎಂಜಿನ್ನಿನ ಶಾಖವನ್ನು ಅಷ್ಟಿಷ್ಟು ಹೊರುವುದು.

ಇಷ್ಟಾದರೂ ಮುಳ್ಳು ಕೆಂಪನ್ನು ಮುಟ್ಟಿದರೆ, ಅಥವಾ ಆವಿ ಕಂಡರೆ, ಮುಂದಿನ ಊರಿನ ಆಸೆ ಬಿಟ್ಟು ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಬಾನೆಟ್ಟನ್ನು ತೆರೆಯಬಹುದು, ವಿದ್ಯುತ್ತಿನ ಬೀಸಣಿಗೆಯು ಬೀಗದ ಕೈ ತೆಗೆದ ಮೇಲೂ ತಾನಾಗಿ ತಿರುಗಬಲ್ಲುದಾದುದರಿಂದ ಕೈಯನ್ನೂ ಉತ್ತರೀಯವನ್ನೂ ದೂರವಿಡಬೇಕು. ಎಂಜಿನ್ನಿನ ಮೇಲೆ ತಣ್ಣೀರು ಎರಚಬಾರದು. ಕಾದ ಎರಕವು ಬಿರಿಯುವುದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾದು, ಮೇಲಿನ ಕೊಳವೆಯನ್ನು ಹಿಸುಕಿ ಅದು ಮೆತ್ತಗಾದ ಮೇಲೆ, ದಪ್ಪನೆಯ ಬಟ್ಟೆ ಹಿಡಿದು ಮುಚ್ಚಳವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಬುಸುಗುಟ್ಟುವಿಕೆ ನಿಂತ ಅನಂತರ ತೆಗೆಯತಕ್ಕದ್ದು. ಇಂತಹ ಸಮಯದಲ್ಲಿ ಗಡಸು ನೀರೇ ಆದರೂ ಸರಿ, ಶುಭ್ರವಾಗಿದ್ದರೆ ಸಾಕು. ಸ್ವಲ್ಪ ಸ್ವಲ್ಪವಾಗಿ ಹೊಯ್ಯಬೇಕು. ಎಷ್ಟು ಲೀಟರು ಹಿಡಿಯಿತೆಂಬುದನ್ನು ಆಗಲೇ ಪುಸ್ತಕದಲ್ಲಿ ಬರೆದಿಟ್ಟು, ಮೆಲ್ಲಗೆ ನಡೆಸಿಕೊಂಡು ಹೋಗಿ, ಮಿಸ್ತ್ರಿಯ ಮುಂದೆ ಗಾಡಿಯೊಡನೆ ಆ ಪುಸ್ತಕವನ್ನೂ ಇಡತಕ್ಕದ್ದು.